ಲೆಕ್ಕ ಐತಿ ಅಂದ್ರ ಎಸ್ ಬ್ಯಾಡ

ಎಸ್ ಎಂಬ ಅಕ್ಷರದ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದಕ್ಕೂ ಮೈಯಲ್ಲಿ ಸ್ವಲ್ಪ ಕಸುವು ಬೇಕು. ನನಗಿರುವುದು ಬರೀ ದಣಿವು. ಇಂಗ್ಲಿಷ್ ಕಲಿಸುವ ಮಾಸ್ತರನ ಆಯುಷ್ಯದಲ್ಲಿ ಅರ್ಧ ಹೋಗುವುದು ಮಕ್ಕಳು ಬರೆದ ಎಸ್ ಹೊಡೆದುಹಾಕುವುದರಲ್ಲಿ, ಇನ್ನರ್ಧ ಹೋಗುವುದು ಅವರು ಬಿಟ್ಟ ಎಸ್ ಸೇರಿಸುವುದರಲ್ಲಿ. ಹೊಡೆದುಹಾಕಿದ್ದನ್ನೆಲ್ಲ ಒಂದು ಡಬ್ಬಿಯಲ್ಲಿ ಕೂಡಿಟ್ಟು ಬೇಕಾದಲ್ಲಿ ಅಂಟಿಸಿಕೊಳ್ಳುವಂತಿದ್ದರೆ ನನ್ನ ಕೆಂಪು ಶಾಯಿಯಾದರೂ ಉಳಿಯುತ್ತಿತ್ತು. ಎರಡು ಕುರಿ ಬಂದವು ಎಂದು ಬರೆಯುವಾಗ ಕುರಿಗೆ ಬೇಡವಾದ ಎಸ್ ಹಚ್ಚುವ ಹುಡುಗನೇ, ಅಂವ ದಿನಾ ಶಾಲೆಗೆ ಹೋಗುತ್ತಾನೆ ಎಂದು ಬರೆಯುವಾಗ ಬೇಕಾದ ಎಸ್ ನುಂಗಿ ನೀರು ಕುಡಿಯುತ್ತಾನೆ. ಹೇಳಿದರೆ, 'ಹೋಗೂದು ಒಬ್ಬಾಂವ ಅಲ್ಲೇನ್ರಿ ಸರ್, ಎಸ್ ಯಾಕ್ರಿ?' ಎನ್ನುತ್ತಾನೆ. ಅವನ ತರ್ಕದಲ್ಲಿ ತಪ್ಪು ಹುಡುಕುವುದು ನನ್ನಿಂದ ಇಂದಿಗೂ ಆಗಿಲ್ಲ.

ಆದರೆ ಮಕ್ಕಳ ವಿಷಯ ಹೇಳಲು ಕುಳಿತವನಲ್ಲ ನಾನು. ಮಕ್ಕಳು ಹತ್ತನೆಯ ಇಯತ್ತೆ ದಾಟಿದ ಮೇಲೆ ಇಂಗ್ಲಿಷನ್ನು ಮರೆತು ಸುಖವಾಗಿರುತ್ತಾರೆ. ದೊಡ್ಡವರು ಹಾಗಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಾನಿದ್ದದ್ದು ಚಿಕ್ಕೋಡಿಗೂ ನಿಪಾಣಿಗೂ ನಡುವಿನ ಒಂದು ಊರಿನಲ್ಲಿ. ಅಂಥ ಊರಲ್ಲಿ ಇಂಗ್ಲಿಷ್ ಮಾಸ್ತರ ಎಂದರೆ ಸಾರ್ವಜನಿಕ ನಳ. ಯಾರು ಬೇಕಾದರೂ ಬಂದು ತಿರುವಬಹುದು. ತಾರು ಬಂದರೆ ಓದಿ ಹೇಳಬೇಕು, ಅದೂ ಮುಖ ನೋಡಿಕೊಂಡು. ಪಂಪಿನ ಜೊತೆ ಬಂದ ಪುಸ್ತಿಕೆ ಓದಿ ಯಾವ ಬೋಲ್ಟು ಎಲ್ಲಿಗೆ ಎಂದು ಹೇಳಬೇಕು. ತಂಬಾಕಿಗೆ ಹೊಡೆಯುವ ಔಷಧಿಯ ಡಬ್ಬಿ ಹಿಡಿದುಕೊಂಡು ಬಂದು ಇದು ಹುಳಕ್ಕೆ ಮಾತ್ರ ವಿಷವೋ ನಮಗೂ ವಿಷವೋ ಎಂದು ಕೇಳಿದವರಿದ್ದಾರೆ. ಇದಕ್ಕೆಲ್ಲ ನನಗೆ ಸಿಗುತ್ತಿದ್ದದ್ದು ಒಂದು ಕಪ್ ಚಾ, ಅದನ್ನೂ ಅರ್ಧ ಬಸಿಗೆ ಹೊಯ್ದುಕೊಂಡು ಅವರೇ ಕುಡಿಯುತ್ತಿದ್ದರು.

ನಾನು ಅಥಣಿ ಕಡೆಯವನು, ಹೆಂಡತಿ ಶಾಂತಾ ರಾಯಬಾಗದವಳು. ಊರಿನ ಖಾಸಗಿ ಹೈಸ್ಕೂಲಿನಲ್ಲಿ ನನ್ನದು ಟೆಂಪರರಿ ನೌಕರಿ. ಟೆಂಪರರಿ ಎಂದರೆ ಸ್ವಲ್ಪ ದಿನದ್ದು ಎಂದು ನಿಘಂಟಿನಲ್ಲಿದೆ. ನಿಘಂಟು ಬರೆದವನು ನಮ್ಮ ಶಾಲೆಗೆ ಬಂದಿರಲಿಲ್ಲ. ನನ್ನ ಜೊತೆಗೆ ಇನ್ನೊಬ್ಬ ಟೆಂಪರರಿ ಇದ್ದ, ಡ್ರಿಲ್ ಮಾಸ್ತರ ಮಾರುತಿ. ಅವನು ನನಗಿಂತ ಸ್ವಲ್ಪ ಮೊದಲು ಸೇರಿದವನು. ಸೀಟಿ ಊದುವುದು ಬಿಟ್ಟರೆ ಅವನಿಗೆ ಜಗತ್ತಿನಲ್ಲಿ ಯಾವ ಚಿಂತೆಯೂ ಇರಲಿಲ್ಲ. ಸಂಜೆ ನಮ್ಮ ಮನೆಗೆ ಬಂದು ಶಾಂತಾ ಕೊಟ್ಟ ಚುರುಮುರಿ ಮೆಲ್ಲುತ್ತ, ಕಾಯಂ ಆದ್ರ ಆತು, ಇಲ್ಲಂದ್ರ ಇಲ್ಲ ಎನ್ನುತ್ತಿದ್ದ. ಅವನು ಹೋದ ಮೇಲೆ ಶಾಂತಾ, 'ಮಾರುತಿ ಬಂದಿದ್ದ, ಡಬ್ಬಿ ಖಾಲಿ ಮಾಡಿ ಹೋದ' ಎಂದು ನಗುತ್ತಿದ್ದಳು. ಕಾಯಂ ಆಗಬೇಕೆಂಬ ಚಿಂತೆಯನ್ನು ನಮ್ಮಿಬ್ಬರ ಪರವಾಗಿಯೂ ನಾನೊಬ್ಬನೇ ಮಾಡುತ್ತಿದ್ದೆ.

ಕಾಯಂ ಎಂದರೆ ಬರೀ ಪಗಾರದ ಮಾತಲ್ಲ. ನಮ್ಮ ಸಂಸ್ಥೆಯ ಅಧ್ಯಕ್ಷರು ಅಪ್ಪಾಸಾಹೇಬರು. ಜೈನರು, ಕಬ್ಬಿನ ದೊಡ್ಡ ರೈತರು, ಮಾತಿಗೆ ತಪ್ಪದ ಮನುಷ್ಯ. ಅವರಿಗೆ ಒಂದು ರೂಢಿಯಿತ್ತು. ಕಾಯಂ ಆದವರನ್ನು 'ಬರ್ರಿ ಸರ್, ಕೂಡ್ರಿ' ಎನ್ನುವರು. ಟೆಂಪರರಿಯವರನ್ನು 'ಬಾ ಮಾಸ್ತರ, ನಿಂದೇನು?' ಎನ್ನುವರು. ಅದರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಇಂದು ಇದ್ದು ನಾಳೆ ಹೋಗುವವನಿಗೆ ಬಹುವಚನ ಯಾಕೆ ಖರ್ಚು ಮಾಡಬೇಕು ಎಂಬ ಒಕ್ಕಲುತನದ ಲೆಕ್ಕ, ಅಷ್ಟೆ. ಆದರೆ ನನ್ನ ವಿದ್ಯಾರ್ಥಿಗಳ ಎದುರು, ಅವರ ಅಪ್ಪಂದಿರ ಎದುರು 'ಬಾ ಮಾಸ್ತರ' ಎನಿಸಿಕೊಳ್ಳುವಾಗ ನನಗೆ ಬಹಳ ನೋವಾಗುತ್ತಿತ್ತು. ಆ ವರ್ಷದ ಆಡಳಿತ ಮಂಡಳಿಯ ಸಭೆಯಲ್ಲಿ ನಮ್ಮಿಬ್ಬರನ್ನೂ ಕಾಯಂ ಮಾಡುವ ಠರಾವು ಬರುತ್ತದೆಂಬ ಸುದ್ದಿ ಇತ್ತು. ಠರಾವು ಮೇಲಿನ ಕಚೇರಿಗೆ ಹೋಗಿ ಮಂಜೂರಾಗಿ ಬಂದರೆ ಅವರ ಬಾಯಲ್ಲೂ ನಾನು ಸರ್. ಹೀಗಾಗಿ ಅಧ್ಯಕ್ಷರು ಬಿಸಿಲಿಗೆ ಬೆಳದಿಂಗಳು ಎಂದರೂ ಹೌದ್ರಿ, ತಂಪೈತ್ರಿ ಎನ್ನಲು ನಾನು ತಯಾರಿದ್ದೆ.

ಅಷ್ಟರಲ್ಲಿ ನೀರಿನ ಟಾಕಿ ಬಂತು. ಅಪ್ಪಾಸಾಹೇಬರು ತಮ್ಮ ತಂದೆಯವರ ನೆನಪಿಗೆಂದು ಶಾಲೆಯ ಬಯಲಿನಲ್ಲಿ ಎತ್ತರದ ಟಾಕಿಯೊಂದನ್ನು ಕಟ್ಟಿಸಿದರು. ಶಾಲೆಗೂ ಊರಿಗೂ ನೀರು. ಕಟ್ಟುವಾಗ ಯಾವ ತಕರಾರೂ ಬರಲಿಲ್ಲ, ತಕರಾರು ಬಂದದ್ದು ಅದರ ಮೇಲೆ ಏನು ಬರೆಸಬೇಕು ಎಂಬಲ್ಲಿ. ಕನ್ನಡದಲ್ಲಿ ಬರೆಸಿದರೆ ಒಂದು ಓಣಿ ಮುನಿಯುತ್ತಿತ್ತು, ಮರಾಠಿಯಲ್ಲಿ ಬರೆಸಿದರೆ ಇನ್ನೊಂದು. ಎರಡರಲ್ಲೂ ಬರೆಸಿದರೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ಎರಡೂ ಓಣಿ ಮುನಿಯುತ್ತಿದ್ದವು. ಹಾಗೆ ಮುನಿಯುವವರೆಲ್ಲ ಮನೆಯಲ್ಲಿ ಊಟಕ್ಕೆ ಕುಳಿತರೆ ಕನ್ನಡದಲ್ಲಿ ಪಲ್ಯ ಕೇಳಿ ಮರಾಠಿಯಲ್ಲಿ ಸಾಕು ಎನ್ನುವವರೇ. ಕೊನೆಗೆ ಅಪ್ಪಾಸಾಹೇಬರು, ಯಾರದೂ ಅಲ್ಲದ ಭಾಷೆಯಲ್ಲಿ ಬರೆಸಿಬಿಡೋಣ, ಜಗಳವೇ ಬೇಡ ಎಂದು ಇಂಗ್ಲಿಷಿಗೆ ತೀರ್ಮಾನ ಮಾಡಿದರು. ಯಾರದೂ ಅಲ್ಲದ ಭಾಷೆ ಎಂದರೆ ನನ್ನ ಕೊರಳಿಗೆ ಬರುತ್ತದೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ತಂದೆಯವರ ಹೆಸರು ಮೇಲೆ, ಅದರ ಕೆಳಗೆ ಟಾಕಿಯ ಅಳತೆ. ಎರಡು ಲಕ್ಷ ಲೀಟರ್. ನಾನು ಒಂದು ಚೀಟಿಯಲ್ಲಿ ಟೂ ಲ್ಯಾಕ್ ಲೀಟರ್ಸ್ ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಲ್ಯಾಕಿಗೆ ಎಸ್ ಇಲ್ಲ, ಲೀಟರಿಗೆ ಎಸ್ ಇದೆ. ವ್ಯಾಕರಣ ಪುಸ್ತಕದಲ್ಲಿ ಇರುವುದೇ ಹಾಗೆ: ಹಂಡ್ರೆಡ್, ಥೌಸಂಡ್, ಲ್ಯಾಕ್ ಇವುಗಳ ಹಿಂದೆ ಎರಡೋ ಮೂರೋ ಎಂಬ ಅಂಕಿ ಕೂತಿದ್ದರೆ ಅವು ಬಾಲ ಮಡಚಿಕೊಂಡಿರಬೇಕು. ನಿಪಾಣಿಯಿಂದ ಪೇಂಟರ್ ಬಂದ. ಗೋಡೆಗಳ ಮೇಲೆ ಬೀಡಿಯ ಜಾಹೀರಾತು ಬರೆದು ಕೈ ಕುದುರಿದವನು. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಬರದೆ ಇದ್ದದ್ದಕ್ಕೇ ಚೀಟಿಯಲ್ಲಿದ್ದದ್ದನ್ನು ಇದ್ದ ಹಾಗೆ ಬರೆದ. ಒಂದು ವಾರ ನಾನು ಹಿತ್ತಲಲ್ಲಿ ಹಲ್ಲುಜ್ಜುತ್ತ ಆ ಅಕ್ಷರಗಳನ್ನು ನೋಡಿ ಸುಖಪಟ್ಟೆ.

ಆಮೇಲೆ ದೀಪಾವಳಿಗೆ ಅಪ್ಪಾಸಾಹೇಬರ ಅಳಿಯ ಬಂದರು. ಮಿರಜದಲ್ಲಿ ವಕೀಲರು. ಬೇರೆ ಅಳಿಯಂದಿರು ಹಬ್ಬಕ್ಕೆ ಬಂದರೆ ಉಂಡು ಮಲಗುತ್ತಾರೆ. ಇವರು ತಲೆ ಎತ್ತಿ ಟಾಕಿ ನೋಡಿದರು. ನೋಡಿ, ಒಂದು ಎಸ್ ಬಿಟ್ಟಿದೆಯಲ್ಲ, ಎರಡು ಇದ್ದ ಮೇಲೆ ಲ್ಯಾಕ್ಸ್ ಆಗಬೇಕು, ನಮ್ಮ ಕೋರ್ಟಿನ ಕಾಗದಗಳಲ್ಲೆಲ್ಲ ಲ್ಯಾಕ್ಸ್ ಎಂದೇ ಇರುತ್ತದೆ ಎಂದರಂತೆ. ಅದೇನು ಸುಳ್ಳಲ್ಲ, ಕೋರ್ಟಿನ ಕಾಗದಗಳಲ್ಲಿ ಏನೇನೋ ಇರುತ್ತದೆ. ಆದರೆ ನಮ್ಮ ಕಡೆ ಅಳಿಯನ ಮಾತಿಗೆ ಅಪೀಲಿಲ್ಲ. ಪೇಂಟರನನ್ನು ಮತ್ತೆ ಕರೆಸಿದರು. ಅವನು ಎರಡು ಶಬ್ದಗಳ ಸಂದಿಯಲ್ಲಿ ಒಂದು ಎಸ್ ತುರುಕಿದ. ಜಾಗವಿರಲಿಲ್ಲ, ಹಾಗಾಗಿ ಅದು ಗರ್ದಿಯ ಬಸ್ಸಿನಲ್ಲಿ ಬಾಗಿಲಿಗೆ ಜೋತುಬಿದ್ದವನಂತೆ ಸೊಟ್ಟಗೆ ಕೂತಿತು.

ಅಷ್ಟೇ ಆಗಿದ್ದರೆ ನಾನು ಕಣ್ಣು ಮುಚ್ಚಿಕೊಂಡು ಇದ್ದುಬಿಡುತ್ತಿದ್ದೆ. ಆದರೆ ಮರುದಿನವೇ ಕ್ಲಾಸಿನಲ್ಲಿ ನಾನು ಟೂ ಹಂಡ್ರೆಡಿಗೆ ಎಸ್ ಹಚ್ಚಿದ ಒಬ್ಬಳ ಉತ್ತರ ಹೊಡೆದುಹಾಕಿದ್ದಕ್ಕೆ ಅವಳು ಎದ್ದು ನಿಂತು, 'ಟಾಕಿ ಮ್ಯಾಲೆ ಐತಲ್ರಿ ಸರ್' ಎಂದಳು. ಇಡೀ ಕ್ಲಾಸು ಕಿಟಕಿಯ ಕಡೆ ತಿರುಗಿತು. ಟಾಕಿ ಅಲ್ಲೇ ನಿಂತಿತ್ತು. ನನ್ನ ಕರಿಹಲಗೆಯಲ್ಲಿ ಒಂದು ಇಂಗ್ಲಿಷು, ಆಕಾಶದಲ್ಲಿ ಒಂದು ಇಂಗ್ಲಿಷು. ಆಕಾಶದಲ್ಲಿರುವುದನ್ನು ಮಕ್ಕಳು ನಂಬುತ್ತಾರೆ. ವರ್ಷಗಟ್ಟಲೆ ಕಲಿಸಿದ ಒಂದೇ ಒಂದು ನಿಯಮ ಹೀಗೆ ಗಾಳಿಗೆ ಹೋಗುವುದನ್ನು ನೋಡಲಾಗದೆ ಸಂಜೆ ಅಪ್ಪಾಸಾಹೇಬರ ಮನೆಗೆ ಹೋದೆ.

ಅವರು ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು. ಆದ್ದರಿಂದ ಅವರೊಡನೆ ಯಾವ ಚರ್ಚೆಯಾದರೂ ಸೂರ್ಯನ ಕಡೆ ಒಂದು ಕಣ್ಣಿಟ್ಟೇ ನಡೆಯಬೇಕು. ನಾನು ನಿಂತುಕೊಂಡೇ ವಿಷಯ ಹೇಳಿದೆ. ಕನ್ನಡದಲ್ಲಿ ಹೇಳುವಾಗ ಒಂದು ತಪ್ಪು ಮಾತು ಬಾಯಿಗೆ ಬಂತು. ಎರಡು ಲಕ್ಷ ಎನ್ನುವಾಗ ಇಂಗ್ಲಿಷಿನಲ್ಲಿ ಲಕ್ಷವನ್ನು ಏಕವಚನದಲ್ಲೇ ಇಡಬೇಕು ಎಂದುಬಿಟ್ಟೆ. ಅವರ ಮುಖ ಬಿಗಿಯಿತು.

'ಏಕವಚನದಾಗ?' ಎಂದರು. 'ನಮ್ಮ ಅಪ್ಪನ ಹೆಸರಿನ ಟಾಕಿಗೆ ನೀ ಏಕವಚನದಾಗ ಮಾತಾಡ್ತಿ?'

ನಾನು ತಡಬಡಿಸಿದೆ. ಇದು ವ್ಯಾಕರಣದ ಏಕವಚನ, ಬೈಗುಳದ್ದಲ್ಲ ಎಂದೆ. ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ. ನಮ್ಮ ಭಾಷೆಯಲ್ಲಿ ಏಕವಚನ ಎಂಬ ಶಬ್ದವೇ ಕೆಟ್ಟಿದೆ. ಹೊಡೆದಾಟವಾದ ಮೇಲೆ ಪಂಚರ ಮುಂದೆ ಬರುವ ಮೊದಲ ದೂರು, ಅಂವ ನನಗ ಏಕವಚನದಾಗ ಮಾತಾಡಿದ ಎಂದೇ ಅಲ್ಲವೇ? ಅಪ್ಪಾಸಾಹೇಬರಿಗೆ ವಚನವೆಂದರೆ ಎಣಿಕೆಯಲ್ಲ, ಮರ್ಯಾದೆ. ಅವರ ವಾದ ಸರಳವಾಗಿತ್ತು. ಲೀಟರ್ ಎಂದರೆ ಒಂದು ಚರಿಗೆ ನೀರು. ಅಷ್ಟು ಸಣ್ಣದಕ್ಕೆ ಎಸ್ ಹಚ್ಚಿ ಬಹುವಚನ ಕೊಡುತ್ತೀ. ಲಕ್ಷ ಎಷ್ಟು ದೊಡ್ಡದು, ಅದನ್ನು ನೀನು, ಅವನು ಎಂದು ಕರೆಯುತ್ತೀ. ಮನೆಯ ಆಳಿಗೆ ರೀ ಹಚ್ಚಿ ಯಜಮಾನನಿಗೆ ಲೇ ಎನ್ನುವ ಭಾಷೆ ಇದ್ದೀತೇ? ಇಷ್ಟು ಹೇಳಿ ಅವರು ಸೂರ್ಯನನ್ನು ನೋಡಿ ಊಟಕ್ಕೆ ಎದ್ದರು. ಹೋಗುವಾಗ, 'ನೀ ವಿಚಾರ ಮಾಡು ಮಾಸ್ತರ, ಸಭಾ ಹತ್ತರ ಬಂತು' ಎಂದರು. ಆ ಕೊನೆಯ ಮಾತು ವ್ಯಾಕರಣದ್ದಲ್ಲ ಎಂದು ನನಗೆ ಚೆನ್ನಾಗಿ ತಿಳಿಯಿತು.

ಮನೆಗೆ ಬಂದು ಶಾಂತಾಳಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸದೆ, 'ಒಂದ್ ಎಸ್ ಇದ್ರ ನಿಮ್ಮ ಗಂಟೇನು ಹೋಗತೈತ್ರಿ?' ಎಂದಳು. ನನ್ನ ಗಂಟು ಏನೂ ಹೋಗುತ್ತಿರಲಿಲ್ಲ, ನಿಜ. ನನಗೆ ಗಂಟೇ ಇರಲಿಲ್ಲ. ಇದ್ದದ್ದು ಒಂದು ನಿಯಮ. ನಾನು ಅವಳ ಮಾತಿನಲ್ಲೇ ವ್ಯಾಕರಣ ಹುಡುಕತೊಡಗಿದೆ. ಇದು ನಮ್ಮ ಕಸುಬಿನವರ ರೋಗ, ಹೆಂಡತಿ ಬೈದರೂ ಕರ್ತೃ ಕರ್ಮ ಕಾಣುತ್ತವೆ. ಅವಳು ನಾಳೆಯ ಸಂತೆಯ ಮಾತು ತೆಗೆದು, ಎರಡು ತೆಂಗಿನಕಾಯಿ, ನಾಲ್ಕು ನಿಂಬೆಹಣ್ಣು ತರ್ರಿ ಎಂದಳು. ತೆಂಗಿನಕಾಯಿಗಳು ಎನ್ನಲಿಲ್ಲ, ನಿಂಬೆಹಣ್ಣುಗಳು ಎನ್ನಲಿಲ್ಲ. ಅಂಕಿ ಹೇಳಿದ ಮೇಲೆ ಮತ್ತೆ 'ಗಳು' ಯಾಕೆ ಎಂದು ನಮ್ಮ ಹೆಂಗಸರಿಗೆ ಯಾವ ಪುಸ್ತಕವೂ ಕಲಿಸಿಲ್ಲ. ಆಮೇಲೆ ಸಂತೆಯ ಗದ್ದಲ ನೆನೆದು, ಸಾವಿರಾರು ಮಂದಿ ಇರತಾರ, ಕಿಸೆ ನೋಡಿಕೊಳ್ರಿ ಎಂದಳು. ಅಲ್ಲಿ ನನಗೆ ಫಕ್ಕನೆ ಹೊಳೆಯಿತು. ಎಷ್ಟು ಮಂದಿ ಎಂದು ಗೊತ್ತಿಲ್ಲದಾಗ ಸಾವಿರಾರು. ಗೊತ್ತಿದ್ದರೆ ಎರಡು ಸಾವಿರ. ಎರಡು ಸಾವಿರಾರು ಎಂದು ಯಾವ ತಾಯಿಯ ಮಗನೂ ಅನ್ನುವುದಿಲ್ಲ. ಇಂಗ್ಲಿಷಿನವನು ಸಾವಿರಕ್ಕೆ, ಲಕ್ಷಕ್ಕೆ ಹಚ್ಚುವ ಎಸ್ ನಮ್ಮ ಸಾವಿರಾರಿನ ಈ 'ಆರು' ಎಂಬ ಬಾಲವೇ.

ಮರುದಿನ ಸಂಜೆ ಅಪ್ಪಾಸಾಹೇಬರು ಟಾಕಿಯ ಬುಡದಲ್ಲಿ ನಿಂತು ಮೇಲೆ ಹತ್ತಿದ್ದ ಪೇಂಟರನಿಗೆ ಏನೋ ಹೇಳುತ್ತಿದ್ದರು. ಆ ಸೊಟ್ಟ ಎಸ್ ಅವರಿಗೂ ಚೆಂದ ಕಂಡಿರಲಿಲ್ಲ. ನಾನು ಹೋಗಿ ನಮಸ್ಕಾರ ಮಾಡಿ, ಈ ಸಲ ಏಕವಚನ ಎಂಬ ಶಬ್ದವನ್ನು ಊರ ಹೊರಗೆ ಬಿಟ್ಟು, ಒಂದೇ ಪ್ರಶ್ನೆ ಕೇಳಿದೆ.

'ಸಾಹೇಬ್ರ, ಈ ಟಾಕಿ ಎರಡು ಲಕ್ಷ ಲೀಟರಿಂದೋ, ಎರಡು ಲಕ್ಷಾಂತರ ಲೀಟರಿಂದೋ?'

ಅವರು ಹುಬ್ಬು ಗಂಟಿಕ್ಕಿದರು. ಎರಡು ಲಕ್ಷಾಂತರ ಅಂತ ಯಾರಾದರೂ ಅಂತಾರೇನು ಎಂದರು. ಅಳಿಯಂದಿರ ಎಸ್ ಹೇಳುವುದು ಅದನ್ನೇ ಎಂದೆ. ಮರಾಠಿಯಲ್ಲಿ ನೋಡಿ, ದೋನ್ ಲಾಖ ಎನ್ನುತ್ತೀರಿ, ದೋನ್ ಲಾಖೋ ಎನ್ನುವುದಿಲ್ಲ ಎಂದೆ. ಎಣಿಸಲು ಬಾರದವನು ಲಕ್ಷಾಂತರ, ಲಾಖೋ, ಲ್ಯಾಕ್ಸ್ ಎನ್ನುತ್ತಾನೆ. ಅಳೆದು ಕಟ್ಟಿಸಿದವನು ಎರಡು ಲಕ್ಷ ಎನ್ನುತ್ತಾನೆ. ನಿಮ್ಮ ತಂದೆಯವರು ಅಳತೆಯ ಮನುಷ್ಯರಾಗಿದ್ದರು ಎಂದು ಊರು ಹೇಳುತ್ತದೆ ಎಂದೂ ಸೇರಿಸಿದೆ. ಈ ಕೊನೆಯದು ವ್ಯಾಕರಣಕ್ಕೆ ಬೇಕಾದ ಮಾತಲ್ಲ, ನನಗೆ ಬೇಕಾದದ್ದು.

ಅಪ್ಪಾಸಾಹೇಬರು ತಲೆ ಎತ್ತಿ ಟಾಕಿಯ ಅಕ್ಷರ ನೋಡಿದರು. ಅವರು ಸಕ್ಕರೆ ಕಾರ್ಖಾನೆಯ ತೂಕದ ಕಾಟಾದ ಮುಂದೆ ಆಯುಷ್ಯ ಕಳೆದ ರೈತರು. ಕಾಟಾದ ಮುಂದೆ ಸುಮಾರು, ಅಂದಾಜು ಎನ್ನುವವನ ಮೇಲೆ ಅವರಿಗೆ ಮೊದಲಿನಿಂದಲೂ ಸಂಶಯ. ನಿಧಾನವಾಗಿ ಅವರ ಮುಖ ಅರಳಿತು.

'ಅಂದ್ರ ಲೆಕ್ಕ ಐತಿ ಅಂದ್ರ ಎಸ್ ಬ್ಯಾಡ. ಲೆಕ್ಕ ಇಲ್ಲ ಅಂದ್ರ ಎಸ್ ಬೇಕು' ಎಂದರು. 'ಇಷ್ಟ ಐತಿ ನೋಡು ಇಂಗ್ಲಿಷು.'

ಇಷ್ಟೇ ಇಲ್ಲ ಎಂದು ನಾನು ಹೇಳಬೇಕಿತ್ತು. ಅಷ್ಟರಲ್ಲಿ ಅವರು ಪೇಂಟರನಿಗೆ ಎಸ್ ಅಳಿಸು ಎಂದರು. ಅವನು ಮೇಲಿನಿಂದ, ಎರಡು ಎಸ್ ಅದಾವ್ರಿ, ಯಾವುದು ಎಂದು ಕೇಳಿದ. ಲೆಕ್ಕ ಇದ್ದಲ್ಲಿ ಎಸ್ ಯಾಕೆ, ಎರಡನ್ನೂ ಅಳಿಸು ಎಂದರು. ಲೀಟರಿನ ಎಸ್ ನಿರಪರಾಧಿ ಎಂದು ಹೇಳಲು ನಾನು ಬಾಯಿ ತೆರೆದೆ. ಸೂರ್ಯ ಕೆಳಗಿಳಿದಿದ್ದ, ಸಾಹೇಬರು ಊಟಕ್ಕೆ ಹೊರಟಿದ್ದರು, ಶಾಂತಾಳ ಗಂಟಿನ ಮಾತು ಕಿವಿಯಲ್ಲಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಸಾಕಾಗಿತ್ತು. ಎಸ್‌ಗಾಗಿ ಒಂದು ಜಗಳ ಗೆದ್ದವನು ಅದೇ ದಿನ ಇನ್ನೊಂದು ಎಸ್‌ಗಾಗಿ ಹೊಡೆದಾಡಬಾರದು ಎಂದುಕೊಂಡು ತೆರೆದ ಬಾಯಿಯಲ್ಲಿ ಆಕಳಿಸಿ ಮುಚ್ಚಿದೆ. ಅಂದಿನಿಂದ ನಮ್ಮೂರ ಟಾಕಿ ಟೂ ಲ್ಯಾಕ್ ಲೀಟರ್ ಆಯಿತು.

ಹೊಸದಾಗಿ ದೀಕ್ಷೆ ಪಡೆದವರ ಉತ್ಸಾಹ ನಿಮಗೆ ಗೊತ್ತೇ ಇದೆ. ಅಪ್ಪಾಸಾಹೇಬರು ಊರಿನ ಎಸ್‌ಗಳ ಬೆನ್ನು ಹತ್ತಿದರು. ಸೊಸೈಟಿಯ ಗೋದಾಮಿನ ಫಲಕದಲ್ಲಿ ಐನೂರು ಚೀಲಗಳು ಎಂದು ಇಂಗ್ಲಿಷಿನಲ್ಲಿದ್ದದ್ದರ ಎಸ್ ಹೋಯಿತು. ಶಾಲೆಯ ಬೋರ್ಡಿನಲ್ಲಿ ಹತ್ತು ಕೋಣೆಗಳ ಎಸ್ ಹೋಯಿತು. ಅಳಿಯಂದಿರು ಮತ್ತೆ ಬಂದಾಗ ಅವರಿಗೂ ಊಟದ ಎಲೆಯ ಮುಂದೆಯೇ ಪಾಠವಾಯಿತಂತೆ. ಇದನ್ನೆಲ್ಲ ಕಲಿಸಿದವನೆಂದು ನನ್ನ ಹೆಸರು ಹೇಳುತ್ತಿದ್ದರು. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ, ನಾಲ್ಕು ಮಂದಿಯ ಎದುರು, 'ಬರ್ರಿ ಸರ್, ಕೂಡ್ರಿ' ಎಂದು ಪಕ್ಕಕ್ಕೆ ಸರಿದರು. ನಾನು ಹಿಂದೆ ತಿರುಗಿ ನೋಡಿದೆ, ಹೆಡ್‌ಮಾಸ್ತರರು ಬಂದರೇನೋ ಎಂದು. ಯಾರೂ ಇರಲಿಲ್ಲ. ಸರ್ ನಾನೇ. ಮನೆಗೆ ಹೋಗಿ ಹೇಳಿದೆ. ಶಾಂತಾ ಶಿರಾ ಮಾಡಿದಳು. ಅವತ್ತಿನ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ, ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ. ಮದುವೆಯ ದಿನ ಹೊಟ್ಟೆ ಕೆಟ್ಟಿತ್ತು.

ಸಭೆ ನಡೆಯಿತು. ನಮ್ಮಿಬ್ಬರನ್ನೂ ಕಾಯಂ ಮಾಡುವ ಠರಾವು ಒಂದೇ ಮಾತಿಗೆ ಪಾಸಾಯಿತು. ಶಾಲೆಯ ಇಂಗ್ಲಿಷ್ ಕಾಗದಗಳನ್ನೆಲ್ಲ ನಾನೇ ಬರೆಯುತ್ತಿದ್ದೆ, ಇದೊಂದನ್ನು ಬಿಟ್ಟು. ತನ್ನ ಕಾಯಂ ಠರಾವನ್ನು ತಾನೇ ಬರೆದುಕೊಳ್ಳುವುದು ಶೋಭಿಸುವುದಿಲ್ಲ, ನೀವು ಆರಾಮ ಇರ್ರಿ ಸರ್ ಎಂದು ಅಪ್ಪಾಸಾಹೇಬರು ತಾವೇ ಹೇಳಿ ಗುಮಾಸ್ತನಿಂದ ಟೈಪ್ ಮಾಡಿಸಿದರು. ಗುಮಾಸ್ತ ರೂಢಿಯಂತೆ ಟೂ ಟೀಚರ್ಸ್ ಎಂದು ಹೊಡೆದನಂತೆ. ಅಪ್ಪಾಸಾಹೇಬರು ಕನ್ನಡಕ ಏರಿಸಿ ನೋಡಿ, ಲೆಕ್ಕ ಇದ್ದಲ್ಲಿ ಎಸ್ ಯಾಕೆ ಹಾಕುತ್ತೀ, ಟೀಚರಿಗೆ ಎಸ್ ಬೇಡ, ಸರ್ ನೋಡಿದರೆ ನಗುತ್ತಾರೆ ಎಂದು ತಿದ್ದಿಸಿದರು. ಹೀಗೆ ನಮ್ಮ ಶಾಲೆಯ ಟೂ ಟೀಚರ್ ಕಾಯಂ ಮಾಡಬೇಕೆಂಬ ಠರಾವು ಸಹಿ ಶಿಕ್ಕಾ ಸಮೇತ ಮೇಲಿನ ಕಚೇರಿಗೆ ಹೋಯಿತು.

ಮೇಲಿನ ಕಚೇರಿಯಲ್ಲಿ ಯಾರೋ ಒಬ್ಬರು ವ್ಯಾಕರಣ ಬಲ್ಲವರಿದ್ದರು. ನನ್ನ ದುರ್ದೈವಕ್ಕೆ ಅವರು ಚೆನ್ನಾಗಿಯೇ ಬಲ್ಲವರು. ಟೀಚರ್ ಎಂದು ಏಕವಚನವಿದೆ, ಆದ್ದರಿಂದ ಬೇಡಿಕೆ ಒಬ್ಬರದು, ಟೂ ಎಂಬುದು ಟೈಪಿನ ತಪ್ಪು ಎಂದು ಅವರು ತೀರ್ಮಾನಿಸಿದರು. ಎರಡು ಜಾಗ ಕೊಡುವುದಕ್ಕಿಂತ ಒಂದು ಕೊಡುವುದು ಯಾವ ಕಚೇರಿಗಾದರೂ ಇಷ್ಟವೇ. ಹೆಸರುಗಳಲ್ಲಿ ಮೊದಲು ಇದ್ದದ್ದು ಮಾರುತಿಯದು. ಮಂಜೂರಾತಿ ಬಂತು. ಮಾರುತಿ ಕಾಯಂ.

ಅಪ್ಪಾಸಾಹೇಬರು ನನ್ನನ್ನು ಮನೆಗೆ ಕರೆಸಿಕೊಂಡರು. ಖುರ್ಚಿ ತರಿಸಿದರು, ಚಾ ತರಿಸಿದರು. ಏನಾಯಿತೆಂದು ನಾನು ಬಿಡಿಸಿ ಹೇಳಿದಾಗ ಅವರು ನಿಜವಾಗಿಯೂ ನೊಂದರು. ಟಾಕಿಗೆ ಇದ್ದ ನಿಯಮ ಟೀಚರಿಗೆ ಯಾಕಿಲ್ಲ ಎಂದು ಮಾತ್ರ ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಎಣಿಸುವ ಶಬ್ದಕ್ಕೆ ಎಸ್ ಬೇಡ, ಎಣಿಸಿಕೊಳ್ಳುವ ವಸ್ತುವಿಗೆ ಎಸ್ ಬೇಕು ಎಂದು ವಿವರಿಸತೊಡಗಿದೆ, ಅರ್ಧಕ್ಕೆ ನನಗೇ ಬೇಸರ ಬಂದು ಬಿಟ್ಟೆ. ಅವರು ನನ್ನ ಕೈ ಮೇಲೆ ಕೈ ಇಟ್ಟರು.

'ನೀವು ಚಿಂತಿ ಬಿಡ್ರಿ ಸರ್. ಇನ್ನ ನೀವೊಬ್ರ ಉಳದೀರಿ. ಮುಂದಿನ ಸಲ ಒನ್ ಟೀಚರ್ ಅಂತ ಬರಸೂನು. ಒಂದಕ್ಕಂತೂ ಎಸ್ ಬೇಕಾಗೂದಿಲ್ಲಲ್ರಿ?'

ಬೇಕಾಗುವುದಿಲ್ಲ. ವ್ಯಾಕರಣದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಾನು ಹೌದ್ರಿ ಎಂದೆ. ಅಧ್ಯಕ್ಷರು ನನ್ನನ್ನು ಬಹುವಚನಕ್ಕೆ ಏರಿಸಿದ್ದರು, ಸರ್ಕಾರ ಏಕವಚನದಲ್ಲೇ ಮುಗಿಸಿತ್ತು. ನಡುವೆ ನಾನು ಚಾ ಕುಡಿದು ಎದ್ದೆ.

ಮನೆಗೆ ಬರುವಾಗ ಟಾಕಿಯ ಕಡೆ ನೋಡಬಾರದೆಂದುಕೊಂಡೆ. ಆದರೆ ಅಷ್ಟು ದೊಡ್ಡದನ್ನು ನೋಡದೆ ಬರುವುದು ಹೇಗೆ? ಎಸ್ ಅಳಿಸಿದ ಎರಡೂ ಕಡೆ ಬಣ್ಣ ಸ್ವಲ್ಪ ಬೇರೆಯಾಗಿ ಕಾಣುತ್ತಿತ್ತು. ಶಾಂತಾ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ಅವಳಿಗೆ ಮುಟ್ಟಿತ್ತು. ಒಂದು ತಾಟು ತಂದು ಮುಂದಿಟ್ಟಳು.

'ಮಾರುತಿ ಸರ್ ಬಂದಿದ್ರು' ಎಂದಳು. 'ಪೇಢೆ ಕೊಟ್ಟು ಹೋದ್ರು.'

ನಿನ್ನೆಯವರೆಗೆ ಬಂದಿದ್ದ, ತಿಂದ, ಹೋದ ಎನಿಸಿಕೊಂಡವನು. ನಾನು ಅವಳ ಮುಖ ನೋಡಿದೆ. ಅವಳಿಗೆ ತಾನೇನು ಅಂದೆನೆಂಬುದೇ ತಿಳಿದಿರಲಿಲ್ಲ. ಎಷ್ಟು ಪೇಢೆ ಎಂದು ಕೇಳಿದೆ, ಏನಾದರೂ ಕೇಳಬೇಕಲ್ಲ ಎಂದು. ಎರಡು ಪೇಢೆ ಎಂದಳು. ಕನ್ನಡದಲ್ಲಿ ಅದಕ್ಕೆ ಏನೂ ಹಚ್ಚಬೇಕಾಗಿಲ್ಲ. ಒಂದು ಅವಳಿಗೆ ಕೊಟ್ಟು, ಒಂದು ನಾನು ತಿಂದೆ.